ರುದ್ರಮ್ಮ ತಂದ ಹಾಜರಿ

ಮಡಿವಾಳ ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರುವ ರುದ್ರಮ್ಮನಿಗೆ ಮೊಮ್ಮಗಳ ಸರ್ಕಾರಿ ಶಾಲೆಯ ತೇಜಸ್ವಿನಿ ಮೇಡಂ ಎಂದರೆ ಪ್ರಾಣ. ಒಂದು ಬೆಳಿಗ್ಗೆ ಮೊಮ್ಮಗಳನ್ನು ಬಿಡಲು ಹೋದಾಗ ಮೇಡಂ ಕಣ್ಣೊರೆಸಿಕೊಳ್ಳುತ್ತಿದ್ದರು. ಮಕ್ಕಳ ತಲೆ ಎಣಿಸಲು ಬಂದಿದ್ದ ಅಧಿಕಾರಿ, "ಒಂದು ಮಗು ಕಮ್ಮಿ ಇದೆ. ರೂಲ್ಸ್ ಪ್ರಕಾರ ಇಷ್ಟು ಮಕ್ಕಳಿಗೆ ಈ ಮೇಡಂ ಹೆಚ್ಚುವರಿ ಆಗ್ತಾರೆ, ಟ್ರಾನ್ಸ್‌ಫರ್ ಮಾಡ್ಬೇಕಾಗುತ್ತೆ" ಎಂದರು.

"ಒಂದೇ ತಾನೇ? ಇರಿ ಸಾರ್, ತರ್ತೀನಿ" ಎಂದು ರುದ್ರಮ್ಮ ಕೊತ್ತಂಬರಿ ತರುವವಳಂತೆ ಹೊರಟೇಬಿಟ್ಟಳು. ಸ್ವಲ್ಪ ಹೊತ್ತಿಗೆ, ಮಾರ್ಕೆಟ್ಟಿನ ಈರುಳ್ಳಿ ಮೂಟೆಗಳ ಮೇಲೆ ಕುಣಿಯುತ್ತಿದ್ದ ಹುಡುಗಿಯನ್ನೂ ಅವಳ ಅಪ್ಪನನ್ನೂ ಎಳೆತಂದಳು. "ಆರು ತುಂಬಿದೆ ಸಾರ್, ಇನ್ನೂ ಯಾವ ಸ್ಕೂಲಿಗೂ ಸೇರ್ಸಿಲ್ಲ. ಬರ್ಕೊಳ್ಳಿ."

ಅಧಿಕಾರಿ ನಗು ತಡೆಯಲಾರದೆ ಬರೆದುಕೊಂಡರು. ಮೇಡಂ ಉಳಿದರು. ಈಗ ರುದ್ರಮ್ಮ ಸೊಪ್ಪು ಕೊಳ್ಳಲು ಬಂದವರಿಗೆಲ್ಲ ಹೇಳುತ್ತಾಳೆ: "ಸ್ಕೂಲಿಗೆ ಹೋಗದಿರೋ ಮಕ್ಕಳು ಕಂಡ್ರೆ ತಿಳ್ಸಕ್ಕಾ, ಒಂದು ಕಟ್ಟು ಮೆಂತ್ಯ ಫ್ರೀ!"