ಬ್ಯಾಗ್ ಹೊತ್ತವನಿಗೆ ಮೈಸೂರು ಪೇಟ

ತೊಂಬತ್ತರ ದಶಕದ ಶುರುವಿನಲ್ಲಿ ನಾನು ಮಸ್ಕತ್ತಿನ ರೂವಿಯ ಒಂದು ಫರ್ನಿಚರ್ ಅಂಗಡಿಯಲ್ಲಿ ಟೈಪಿಸ್ಟ್ ಆಗಿದ್ದೆ. ಗಿರಾಕಿಗಳ ಮನೆಯಲ್ಲಿ ಸೋಫಾ ಎಲ್ಲಿ, ಮೇಜು ಎಲ್ಲಿ ಎಂಬ ನಕ್ಷೆಗಳನ್ನೂ ನಾನೇ ಬರೆಯುತ್ತಿದ್ದೆ. ಸಹಿ ಮಾತ್ರ ಮ್ಯಾನೇಜರರದು. ನಮ್ಮ ಉಡುಪಿ ಕಡೆಯವರೆಂಬ ದಾಕ್ಷಿಣ್ಯಕ್ಕೆ ಐದು ವರ್ಷ ಬಾಯಿ ಮುಚ್ಚಿಕೊಂಡಿದ್ದೆ.

ಒಂದು ದಿನ ಇಟಲಿಯಿಂದ ಫ್ಯಾಕ್ಸ್ ಬಂತು. ನಾವು ಮಾರುವ ಕುರ್ಚಿಗಳ ಡಿಸೈನರ್, ಸಹಾಯಕರೊಬ್ಬರ ಜೊತೆ ಅಂಗಡಿ ನೋಡಲು ಬರುತ್ತಾರಂತೆ. ಕ್ಯಾಟಲಾಗಿನ ಕೊನೆಯ ಪುಟ ಓದಿದ್ದವಳು ನಾನೊಬ್ಬಳೇ: ಡಿಸೈನರ್ ಹೆಂಗಸು, ಗಂಡಸರೇ ತುಂಬಿದ್ದ ಆ ಕಸುಬಿಗೆ ಅಲ್ಲಿ ಮೊದಲು ಕಾಲಿಟ್ಟವರಲ್ಲಿ ಒಬ್ಬರು. ಮ್ಯಾನೇಜರರಿಗೆ ಹೇಳಲು ಹೋದೆ.

"ನೀನು ಚಾ ನೋಡಿಕೊ ಮಾರಾಯ್ತಿ, ಉಳಿದದ್ದು ನಾನು ನೋಡ್ತೇನೆ" ಎಂದರು.

ನೋಡಿಕೊಳ್ಳಲಿ ಎಂದು ಸುಮ್ಮನಾದೆ. ಆದರೆ ನನ್ನದೊಂದು ನಕ್ಷೆಯನ್ನು ಚಾ ಟ್ರೇಯ ಅಡಿಯಲ್ಲಿ ಇಟ್ಟುಕೊಂಡೆ. ಆಕೆಗೆ ಒಮ್ಮೆ ತೋರಿಸಲೇಬೇಕಿತ್ತು.

ಊರಿನ ಸಂಘದ ಸಮಾರಂಭದಂತೆ ಎಲ್ಲ ಸಜ್ಜಾಯಿತು: ವೇದಿಕೆ, ಅದರ ಮೇಲೆ ನಾವು ಮಾರುವ ಇಟಲಿಯ ಕುರ್ಚಿ, ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ, ಪಕ್ಕದ ದಾರ್ಸೈಟ್ ಬಡಾವಣೆಯ ದೇವಸ್ಥಾನದ ಬಳಿಯಿಂದ ತರಿಸಿದ ಮಲ್ಲಿಗೆ ಹಾರ. ಬಿಳಿ ಕೂದಲಿನ ಮುದುಕಿ ಒಳಗೆ ಬಂದರು. ಹಿಂದೆಯೇ ಅವರ ಬ್ಯಾಗ್ ಹೊತ್ತ ಸೂಟಿನ ಮನುಷ್ಯ. ಮ್ಯಾನೇಜರರು ಮುದುಕಿಯನ್ನು ದಾಟಿ ಹೋಗಿ ಅವನನ್ನು ವೇದಿಕೆಯ ಕುರ್ಚಿಯಲ್ಲಿ ಕೂರಿಸಿ ಪೇಟ ತೊಡಿಸಿಯೇಬಿಟ್ಟರು. "ನೋ, ನೋ" ಎಂದು ಅವನು ಕೈಯಾಡಿಸಿದ. ಸನ್ಮಾನವೆಂದರೆ ಮೊದಲು ಬೇಡವೆನ್ನದವರು ನಮ್ಮಲ್ಲಿ ಯಾರಿದ್ದಾರೆ?

"ದೊಡ್ಡವರು ಹೀಗೇ ಮಾರಾಯ್ರೆ, ಎಷ್ಟು ವಿನಯ!" ಎಂದು ಮ್ಯಾನೇಜರರು, ಅವನು ಎದ್ದಷ್ಟು ಸಲ ಭುಜ ಹಿಡಿದು ಕೂರಿಸಿದರು.

ಮುದುಕಿಗೆ ಸಿಕ್ಕಿದ್ದು ಚಾ ಮೇಜಿನ ಬಳಿ ಒಂದು ಪ್ಲಾಸ್ಟಿಕ್ ಕುರ್ಚಿ. ನಾಚಿಕೆಯಿಂದ ನನಗೆ ಭೂಮಿ ಬಾಯಿ ಬಿಡಬಾರದೆ ಎನಿಸಿತು. ಹೋಗಿ ಹೇಳುತ್ತೇನೆ ಎಂದು ಎದ್ದೆ. ಆಕೆ ಕೈ ಹಿಡಿದು ತಡೆದರು.

"ಬಿಡು, ಅಭ್ಯಾಸವಿದೆ. ಮೊದಲ ಕಾರ್ಖಾನೆಯಲ್ಲಿ ನನ್ನನ್ನು ಕಾಫಿ ತರಲು ಕಳಿಸಿದ್ದರು" ಎಂದು ಮುರುಕು ಇಂಗ್ಲಿಷಿನಲ್ಲಿ ಹೇಳಿ, ನಗು ತಡೆಯಲಾರದೆ ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡರು.

ನಕ್ಷೆ ಕೊಟ್ಟೆ. ಬಹಳ ಹೊತ್ತು ನೋಡಿದರು.

"ಯಾರನ್ನೂ ಕಿಟಕಿಗೆ ಬೆನ್ನು ಹಾಕಿ ಕೂರಿಸಿಲ್ಲ. ಚೆನ್ನಾಗಿದೆ. ಸಹಿ ನಿನ್ನದೇ?"

ವೇದಿಕೆಯ ಮೇಲೆ ಬ್ಯಾಗಿನವನ ಮಡಿಲಿಗೆ ಹಣ್ಣಿನ ಬುಟ್ಟಿ ಏರುತ್ತಿತ್ತು. "ಅಲ್ಲ" ಎಂದೆ. ಆಕೆ ತನ್ನ ಪೆನ್ಸಿಲ್ ಚಾಚಿದರು. ಮ್ಯಾನೇಜರರ ಸಹಿಯ ಮೇಲೆ ನನ್ನ ಹೆಸರು ಬರೆದೆ.

"ಆ ಅಜ್ಜಿಗೆ ಚಾ ಆಯ್ತಾ?" ಎಂದು ಮ್ಯಾನೇಜರರು ಅಲ್ಲಿಂದಲೇ ಕೂಗಿದರು.

"ಆಯ್ತು ಸರ್" ಎಂದೆ, ಎಲ್ಲರಿಗೂ ಕೇಳುವಂತೆ. "ನೀವು ಅವರನ್ನು ಕೂರಿಸಿದ ಕುರ್ಚಿ ಈ ಅಜ್ಜಿಯದ್ದು. ಈ ನಕ್ಷೆ ನನ್ನದು."