ಅದಿರು ಕಲ್ಲಿನ ರೇಡಿಯೊ

ಮೊನ್ನೆ, ಚಿನ್ನದ ಗಣಿಯ ನಮ್ಮ ಊರಿಗಾಂನಲ್ಲಿ ಪಕ್ಕದ ಮಿಸ್ ಮನೆಯ ಬೀಗ ತೆಗೆದಾಗ ತುಕ್ಕು ಹಿಡಿದ ತಗಡು, ಒದ್ದೆ ಗೋಡೆ ಎಲ್ಲ ಸೇರಿದ ವಾಸನೆ ಮೂಗಿಗೆ ಬಡಿಯಿತು. ಮಿಸ್ಸಿನ ಮಗಳು ಸಾಮಾನು ಸಾಗಿಸಲು ಬಂಗಾರಪೇಟೆಯಿಂದ ಟೆಂಪೊ ತಂದಿದ್ದಳು. ಕೈಜೋಡಿಸಲು ಹೋದ ನಾನು ಹೊಸ್ತಿಲಲ್ಲೇ ನಿಂತುಬಿಟ್ಟೆ. ಮಿಸ್ ಒಳಗೇ ಇದ್ದಾರೆ ಅನ್ನಿಸಿತು...

ಮಿಸ್ ನನಗೆ ಪಿಯುಸಿಯಲ್ಲಿ ಭೌತವಿಜ್ಞಾನ ಹೇಳಿಕೊಟ್ಟವರು. ಮಹಾ ಜಗಮೊಂಡಿ. ದೆವ್ವ ಅಂದವರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಅವರ ಗಂಡ, ಗಣಿಯಲ್ಲಿ ಬಂಡೆ ಸಿಡಿದಾಗ ಕೆಳಗೇ ಉಳಿದವರು, ದೇಹ ಸಿಗಲಿಲ್ಲ. ಆತ ಎಂದೋ ತಂದಿದ್ದ ಸೀಸದ ಅದಿರಿನ ಹೊಳೆಯುವ ಕಲ್ಲಿನಿಂದ ಮಿಸ್ ಒಂದು ರೇಡಿಯೊ ಮಾಡಿದ್ದರು. ಅದಕ್ಕೆ ಬ್ಯಾಟರಿ ಬೇಡ, ಕರೆಂಟೂ ಬೇಡ. ಮಾಡಿನ ಮೇಲೊಂದು ಉದ್ದ ತಂತಿ, ಒಂದು ಸುರುಳಿ, ಕಲ್ಲಿಗೆ ತಾಗಿಸಿದ ಸೂಜಿ, ಕಿವಿಗೆ ಇಯರ್‌ಫೋನು.

ಒಂದು ಮಧ್ಯಾಹ್ನ ನನ್ನನ್ನು ಕರೆದು ಕೂರಿಸಿ ಇಯರ್‌ಫೋನನ್ನು ನನ್ನ ಕಿವಿಗೆ ಇಟ್ಟರು. ಕಲ್ಲಿನ ಜಾಗದಲ್ಲಿ ತಾಮ್ರ ಇಟ್ಟರು, ಸದ್ದಿಲ್ಲ. ಗಾಜು ಇಟ್ಟರು, ಆಗಲೂ ಇಲ್ಲ.

"ತಾಮ್ರದಾಗೆ ಎಲೆಕ್ಟ್ರಾನು ಹಗ್ಗ ಬಿಚ್ಚಿದ ದನ ಇದ್ದಂಗೆ, ಎಲ್ಲಿಗಾದ್ರೂ ಓಯ್ತವೆ. ಗಾಜಿನಾಗೆ ಕಟ್ಟಾಕಿರೋವು. ಈ ಕಲ್ಲು ಅರೆವಾಹಕ. ಸೂಜಿ ತಾಗಿದ ಕಡೆ ಒಂದೇ ದಿಕ್ಕಿಗೆ ಬಿಡ್ತದೆ. ಅದ್ಕೇ ಗಾಳೀಲಿರೋ ರೇಡಿಯೊ ಅಲೆ ಮಾತಾಗ್ತದೆ."

ಕಲ್ಲು ಇಟ್ಟರು. ಬೆಂಗಳೂರಿನ ಕೃಷಿ ಕಾರ್ಯಕ್ರಮ ಪಿಸುಗುಟ್ಟಿತು. ಆಮೇಲೆ ನನ್ನ ಮುಖವನ್ನೇ ನೋಡುತ್ತ ಮಾಡಿನ ತಂತಿಯನ್ನು ಬಿಡಿಸಿದರು. ಮಾತು ನಿಂತಿತು. ಆದರೆ... ಟಣ್, ಟಣ್, ಟಣ್. ತುಸು ಬಿಡುವು. ಮತ್ತೆ ಅದೇ. ಗಣಿಯ ತಳದಲ್ಲಿದ್ದವರು ತಮ್ಮನ್ನು ಮೇಲೆತ್ತಿ ಎಂದು ಹೊಡೆಯುತ್ತಿದ್ದ ಬೆಲ್ಲಿನ ವರಸೆ ಅದು. ಗಣಿ ಕಾರ್ಮಿಕರ ಸಾಲುಮನೆಗಳಾದ ನಮ್ಮ ಲೈನಿನವರಿಗೆಲ್ಲ ಗೊತ್ತು. ಗಣಿ ಮುಚ್ಚಿ, ನೀರು ತುಂಬಿ ಎಷ್ಟೋ ವರ್ಷವಾಗಿತ್ತು.

"ಏನಾರ ಕೇಳಿಸ್ತದಾ?" ಮಿಸ್ ಬಗ್ಗಿ ಕೇಳಿದರು.

"ಬೆಲ್ಲು ಕೇಳಿಸ್ತೈತೆ ಮಿಸ್."

ಅವರು ಕುಸಿದು ಕೂತು ನಕ್ಕರು. "ಸದ್ಯ, ನಂಗೆ ತಲೆ ಕೆಟ್ಟಿಲ್ಲ ಕಣೇ."

ಆ ತಿಂಗಳೇ ಮಗಳ ಮನೆಗೆ ಹೊರಡಬೇಕಿದ್ದವರು ಹೊರಡಲಿಲ್ಲ. ಸೋರುವ ಮನೆ ಬಿಟ್ಟು ಬಾ ಎಂದು ಮಗಳು ಅತ್ತಳು, ಜಗಳವಾಡಿದಳು, ಕೊನೆಗೆ ಮಾತು ಬಿಟ್ಟಳು. ಮಿಸ್ ನನ್ನ ಹತ್ತಿರ ಮಾತ್ರ ಹೇಳಿದರು: "ಕೆಳಗೆ ಆಳಿರೋವಾಗ ವೈಂಡಿಂಗ್ ಡ್ರೈವರ್ರು ಸೀಟು ಬಿಟ್ಟು ಏಳಂಗಿಲ್ಲ." ಆಳುಗಳ ಕೇಜನ್ನು ಮೇಲೆಳೆಯುವ ಯಂತ್ರದವನಿಗೆ ಗಣಿಯಲ್ಲಿದ್ದ ಕಟ್ಟಳೆ ಅದು. ಈ ಚಳಿಗಾಲದಲ್ಲಿ ಕೆಮ್ಮಿ ಕೆಮ್ಮಿ ಒಬ್ಬರೇ ಹೋಗಿಬಿಟ್ಟರು... ನನ್ನನ್ನು ಬೈಯಲಾದರೂ ಅವರು ಇರಬೇಕಿತ್ತು ಅನ್ನಿಸುತ್ತದೆ.

ಟೆಂಪೊ ಅರ್ಧ ತುಂಬಿತ್ತು. "ಅಮ್ಮ ಅದೇನು ಕಂಡು ಈ ಪಾಳು ಮನೇಲಿ ಬಿದ್ದಿದ್ಲೋ!" ಎನ್ನುತ್ತ ಮಗಳು ಸಿಟ್ಟಿನಲ್ಲೇ ಆ ರೇಡಿಯೊದ ಇಯರ್‌ಫೋನು ಎತ್ತಿ ಕಿವಿಗಿಟ್ಟುಕೊಂಡಳು. ಮಾಡಿನ ತಂತಿ ಎಂದೋ ಹರಿದುಬಿದ್ದಿತ್ತು. ಬೇಡ ಎಂದು ನಾನು ಕೈ ಚಾಚಿದೆ. ಅವಳ ಬೆರಳು ಗೋಡೆಯ ಮೇಲೆ ಮೂರು ಸಲ ಬಡಿಯಿತು, ತುಸು ಬಿಟ್ಟು ಮತ್ತೆ ಮೂರು. ಆಮೇಲೆ ಕಣ್ಣೊರೆಸಿಕೊಂಡು ಬಾಗಿಲಲ್ಲಿದ್ದ ಟೆಂಪೊದವನ ಕಡೆ ತಿರುಗಿದಳು.

"ಸಾಮಾನು ಇಳಿಸ್ಬಿಡಣ್ಣ. ನಾನು ಇಲ್ಲೇ ಇರ್ತೀನಿ."