ಗೂಟ ಬಿಟ್ಟ ಕೈ

ಶ್ರಾವಣದ ಎರಡನೆಯ ಸೋಮವಾರ, ಸಂಜೆ. ಆಧಾರ: ನಾನೇ ಮಾಡಿದ ಧ್ವನಿಮುದ್ರಣ, ಆರಂಭದಲ್ಲಿ ದಿನವನ್ನು ನನ್ನ ದನಿಯೇ ಹೇಳುತ್ತದೆ. ಪಂಚಾಂಗದೊಡನೆಯೂ ಹೋಲಿಸಿ ನೋಡಿದ್ದೇನೆ. ಆದರೆ ಅಂದು ಹಾಡಿದ ಹುಡುಗಿಯನ್ನು ನೆನೆದರೆ ಮೊದಲು ಕಣ್ಣಿಗೆ ಬರುವುದು ಅವಳ ಬಲಗೈ. ಹೆಬ್ಬೆರಳಿನ ಬುಡದಲ್ಲಿ ಹುಣಸೆಬೀಜದಷ್ಟು ಗಟ್ಟಿಯಾದ ಜಡ್ಡು. ತೆಲುಗು ಮಹಾನಗರದ ಮೆಟ್ರೊದಲ್ಲಿ ಮಿಯಾಪುರದವರೆಗೆ ಕಾಲೇಜಿಗೆ ಹೋಗಿಬರುವ ಹುಡುಗಿಗೆ ಆ ಜಡ್ಡು ಬಂದದ್ದು ಬೀಸುಕಲ್ಲಿನ ಗೂಟದಿಂದ.

ಮಲ್ಕಾಜ್‌ಗಿರಿಯಲ್ಲಿ ರೈಲುಹಳಿಯ ಪಕ್ಕ ಅವರದು ನಮ್ಮ ಕೆಳಗಿನ ಮನೆ; ಗಾಡಿ ಹೋದಾಗಲೆಲ್ಲ ಗೋಡೆಗಳು ನಡುಗುವವು. ಅಜ್ಜ ರೈಲ್ವೆಯಿಂದ ನಿವೃತ್ತರು. ತಂದೆತಾಯಿ ಬೆಳಗಾದರೆ ಕೆಲಸಕ್ಕೆ ಹೊರಡುವವರು. ಹುಡುಗಿ ಬೆಳೆದದ್ದು ಅಜ್ಜಿಯ ಎದುರು, ಕಲ್ಲಿನ ಆಚೆ ಬದಿಯಲ್ಲಿ. ರಾಯಚೂರು ಸೀಮೆಯಿಂದ ಬರುವಾಗ ಅಜ್ಜಿ ತಂದ ಕಲ್ಲು ಅದು. ಮಿಕ್ಸರ್ ಇದ್ದರೂ ಭಾನುವಾರದ ಜೋಳದ ನುಚ್ಚು ಅದರಲ್ಲೇ ಆಗಬೇಕು. ಇಬ್ಬರೂ ಒಂದೇ ಗೂಟ ಹಿಡಿಯುವರು. ಒಬ್ಬರು ಎತ್ತಿದ ಸೊಲ್ಲನ್ನು ಇನ್ನೊಬ್ಬರು ಹಿಡಿದು ಹಾಡುವರು. ನಡುವೆ ಕಲ್ಲು ಒಂದು ಸುತ್ತು ಬರುವಷ್ಟೇ ಉಸಿರಿಗೆ ಬಿಡುವು.

ವೃತ್ತಿಜೀವನವಿಡೀ ನಾನು ಜನಪದ ಹಾಡುಗಳನ್ನು ಸಂಗ್ರಹಿಸಿದೆ. ಹಾಡೊಂದು ಹುಟ್ಟುವುದನ್ನು ಕಂಡದ್ದು ಮಾತ್ರ ಆ ಮನೆಯಲ್ಲಿ, ನುಚ್ಚಿನ ಘಮದ ನಡುವೆ. ಬೀಸುವ ಹೆಣ್ಣು ತನ್ನ ತವರನ್ನು ಹಾಡಿ ಹರಸಬೇಕೆಂಬುದು ಬೀಸುಕಲ್ಲಿನ ಪದಗಳ ಕ್ರಮ. ಒಂದು ಭಾನುವಾರ ಹುಡುಗಿ ತನ್ನದೇ ಪದ ಎತ್ತಿದಳು:

ಗಾಡಿ ಬಂದರ ನನ್ನ ಗ್ವಾಡಿ ನಡುಗತಾವ
ಜೋಡ ಹಳಿ ಬಾಜು ಹುಟ್ಟೀದ ಮಗಳೀಗೆ
ಕೂಡ ನಡುಗೂವ ತವರೈತಿ

ಅಜ್ಜಿ ಗೂಟ ಬಿಟ್ಟರು. ಕಲ್ಲು ನಿಂತಿತು.

"ತವರಂದ್ರ ಹಳ್ಳ ಇರಬೇಕು, ಅಣ್ಣತಮ್ಮರ ಬಂಡಿ ಬರಬೇಕು. ಠೇಸನ್ ಯಾರ ತವರೈತಿ? ಟಿಕೆಟ್ ತಗೊಂಡು ತವರಿಗೆ ಹೋಗ್ತಿಯೇನ?"

"ನಿನ್ನ ಹಳ್ಳ ನಾ ನೋಡೇ ಇಲ್ಲ ಅಜ್ಜಿ. ನೋಡದ್ದನ್ನ ಹಾಡಿದ್ರ ಸುಳ್ಳಾಗಂಗಿಲ್ಲೇನ?"

ಅಜ್ಜಿ ನನ್ನತ್ತ ತಿರುಗಿದರು. "ಸರ್ರ, ಆ ಮಷೀನ್ ಬಂದ್ ಮಾಡ್ರಿ. ಇದನ್ನ ಹಾಡಂತ ಬರಕೋಬ್ಯಾಡ್ರಿ."

ಆಮೇಲೆ ಹುಡುಗಿ ಮಿಯಾಪುರದ ಅಪಾರ್ಟ್‌ಮೆಂಟುಗಳ ಹಬ್ಬಗಳಲ್ಲಿ ಹಾಡತೊಡಗಿದಳು. ಕನ್ನಡ ಬಾರದ ತೆಲುಗು ಗೆಳೆಯರು ತಮಟೆಯಂಥ ಡಪ್ಪು ಹಿಡಿದು ಜೊತೆಯಾದರು. ಕೇಳಿದವರು ಮತ್ತೆ ಕರೆದರು. ಆದರೆ ಎಲ್ಲಿಯೂ ಅವಳು ಹಾಡಿದ್ದು ಅಜ್ಜಿಯ ಪದಗಳನ್ನೇ. ತನ್ನವು ಹತ್ತಾರಿದ್ದವು; ಅವನ್ನು ಎತ್ತಲಿಲ್ಲ. ಏಕೆಂದು ಕೇಳಿದೆ.

"ಅಜ್ಜಿ ಗೂಟ ಹಿಡೀಲಿಲ್ಲಂದ್ರ ಅದು ಪದ ಹೆಂಗ ಆಕ್ಕೈತಿ, ಕಾಕಾ? ಬರೇ ನನ್ನ ಬಡಬಡಿಕಿ."

ನಾನು ಆರಂಭದಲ್ಲಿ ಹೇಳಿದ ಸೋಮವಾರ ಅವಳೊಬ್ಬಳದೇ ಮೊದಲ ಕಾರ್ಯಕ್ರಮ. ಮುಂದಿನ ಸಾಲಿನಲ್ಲಿ ಅಜ್ಜಿ, ಪಕ್ಕದಲ್ಲಿ ನಾನು, ಮಡಿಲಲ್ಲಿ ಯಂತ್ರ. ವೇದಿಕೆ ಹತ್ತುವ ಮೊದಲು ಹುಡುಗಿ ನನ್ನ ಕಿವಿಯಲ್ಲಿ ಹೇಳಿದಳು: "ಇವತ್ತ ಒಮ್ಮೆ ನಂದು ಹಾಡತೀನಿ. ಅಜ್ಜಿ ಒಪ್ಪಲಿಲ್ಲಂದ್ರ ನಂದ್ಯಾವೂ ಮತ್ತ ಹಾಡಂಗಿಲ್ಲ."

ಡಪ್ಪು ನಿಂತಿತು. ಹುಡುಗಿ ತವರಿನ ಪದ ಎತ್ತಿ, ಮೂರನೆಯ ಸಾಲು ಮುಗಿಸಿ, ಕಲ್ಲು ಒಂದು ಸುತ್ತು ಬರುವಷ್ಟು ಹೊತ್ತು ಕಾದಳು. ಅಷ್ಟು ಜನರೆದುರು, ಬರಿಗೈಯಲ್ಲಿ, ತನ್ನ ಹಾಡುಗಳನ್ನೆಲ್ಲ ಒಂದು ಮೌನಕ್ಕೆ ಒಪ್ಪಿಸಿ ನಿಂತ ಆ ಎಳೆಯ ಜೀವದ ಧೈರ್ಯ ನನ್ನನ್ನು ಇಂದಿಗೂ ಬೆರಗಾಗಿಸುತ್ತದೆ. ಈಗ ಅವಳು ಬೇರೆ ಊರುಗಳಲ್ಲೂ ತನ್ನ ಪದಗಳನ್ನೇ ಹಾಡುತ್ತಾಳೆ. ಈ ಪದ ಬಂದಾಗ ಅದೇ ಬಿಡುವು ಕೊಡುತ್ತಾಳೆ. ಡಪ್ಪಿನವರೂ ಕೈ ಎತ್ತಿ ಕಾಯುತ್ತಾರೆ. ಹಾಡನ್ನು ಅದರ ಬಿಡುವಿನಲ್ಲೂ ಕೇಳಬೇಕೆಂದು ನಾನು ಕಲಿತದ್ದು ಅವಳಿಂದ.

ಅಂದು ಅಜ್ಜಿ ಸೊಲ್ಲು ಹಿಡಿದರು, ಅವರ ದನಿ ಸಭೆಯ ಕೊನೆಯವರೆಗೂ ಕೇಳಿಸಿತು ಎಂದು ನಾನು ಹಲವೆಡೆ ಹೇಳಿದ್ದೇನೆ, ಬರೆದೂ ಇದ್ದೇನೆ. ಅಜ್ಜಿ ಈಗಿಲ್ಲ. ಈ ಲೇಖನಕ್ಕೆಂದು ಅಂದಿನ ಧ್ವನಿಮುದ್ರಣವನ್ನು ಮತ್ತೆ ಕೇಳಿದೆ. ಅದು ನನ್ನ ಮಾತನ್ನು ಒಪ್ಪುವುದಿಲ್ಲ. ಅಲ್ಲಿ ಅಜ್ಜಿಯ ದನಿಯೇ ಇಲ್ಲ. ಮೂರನೆಯ ಸಾಲು ಮುಗಿದೊಡನೆ ನನ್ನ ಪಕ್ಕದ ಕುರ್ಚಿಯಿಂದ ಗಾಜಿನ ಬಳೆಗಳ ಸದ್ದು ಏಳುತ್ತದೆ. ನಿಧಾನವಾಗಿ, ಇಲ್ಲದ ಗೂಟವನ್ನು ಹಿಡಿದ ಕೈಯಂತೆ, ಒಂದು ಸುತ್ತು ಪೂರ್ತಿ ಬರುತ್ತದೆ. ಅದು ಮುಗಿದಲ್ಲಿಂದಲೇ ಹುಡುಗಿ ಮುಂದಿನ ಸೊಲ್ಲು ಎತ್ತುತ್ತಾಳೆ.